ಕೊನೆಯ ಪುಟದ ಕೊನೆಯ ಸಾಲು

1986ರಲ್ಲಿ ತಂದೆಯವರು ತೀರಿಕೊಂಡಾಗ ಅವರ ಅಚ್ಚುಕೂಟದಲ್ಲಿ ಉಳಿದದ್ದು ಕಾಲಿನಿಂದ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಯಂತ್ರ, ಸವೆದ ಅಚ್ಚುಮೊಳೆಗಳು (ಜೋಡಿಸಿ ಅಚ್ಚು ಹಾಕುವ ಲೋಹದ ಬಿಡಿ ಅಕ್ಷರಗಳು) ಮತ್ತು ಸಾಲ. ಲಗ್ನಪತ್ರಿಕೆ, ರಸೀದಿ ಪುಸ್ತಕಗಳನ್ನು ಅಚ್ಚು ಹಾಕಿಕೊಂಡೇ ಸಾಲ ತೀರಿಸಬಹುದಿತ್ತು. ಆದರೆ ನಮ್ಮ ತಾಲ್ಲೂಕಿನ ಸುದ್ದಿ ಮೈಸೂರಿನ ಪತ್ರಿಕೆಗಳಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು ಎಂಬ ಕೊರಗು ನನಗೆ ಹೈಸ್ಕೂಲಿನ ದಿನಗಳಿಂದಲೂ ಇದ್ದುದರಿಂದ, ನಾಲ್ಕು ಪುಟಗಳ ವಾರಪತ್ರಿಕೆಯೊಂದನ್ನು ಹೊರತರಲು ನಿಶ್ಚಯಿಸಿದೆ.

ಅಚ್ಚುಕೂಟ, ಪತ್ರಿಕೆಗಳ ನೋಂದಣಿಗೆ ಸಂಬಂಧಿಸಿದ 1867ರ ಕಾಯಿದೆಯ ಪ್ರಕಾರ ಮುದ್ರಕರೂ ಪ್ರಕಾಶಕರೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆಗೆ ಸಹಿ ಹಾಕಬೇಕಿತ್ತು. "ಯಜಮಾನರನ್ನು ಕರೆದುಕೊಂಡು ಬನ್ನಿ ಅಮ್ಮ, ಸಹಿ ಅವರದ್ದಲ್ಲವೇ?" ಎಂದು ಕಚೇರಿಯ ಗುಮಾಸ್ತರು ನನ್ನನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದರು. ಆಗ ನನಗೆ ಬಲ ಕೊಟ್ಟದ್ದು ನಂಜನಗೂಡು ತಿರುಮಲಾಂಬ ಅವರ ನೆನಪು. 1887ರಲ್ಲಿ ಹುಟ್ಟಿ, 14ನೆಯ ವಯಸ್ಸಿನಲ್ಲೇ ವಿಧವೆಯಾದ ಅವರು ನಂಜನಗೂಡಿನಂಥ ಊರಿನಲ್ಲಿ ಕುಳಿತು 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನೂ ಮುಂದೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನೂ ಹೊರತಂದಿದ್ದರು. ಮೂರನೆಯ ಸಲ ಹೋದಾಗ ಸಹಿ ಹಾಕಿಯೇ ಬಂದೆ.

ಕನ್ನಡದಲ್ಲಿ ಒತ್ತಕ್ಷರಗಳಿಗೆ ಬೇರೆ ಮೊಳೆಗಳಿರುತ್ತವೆ. ನಮ್ಮಲ್ಲಿ ರ-ಒತ್ತು ಎಷ್ಟು ಕಡಿಮೆಯಿತ್ತೆಂದರೆ, ಬುಧವಾರ ಒಳಪುಟಗಳನ್ನು ಅಚ್ಚು ಹಾಕಿ, ಆ ಮೊಳೆಗಳನ್ನು ಬಿಡಿಸಿ ಪೆಟ್ಟಿಗೆಗೆ ತುಂಬಿದ ಮೇಲೆಯೇ ಮುಖಪುಟದ ಜೋಡಣೆ ಸಾಧ್ಯವಾಗುತ್ತಿತ್ತು. ಬಿಡಿಸದೆ ದಾರ ಸುತ್ತಿ ಇಡುತ್ತಿದ್ದುದು ಕೊನೆಯ ಪುಟದ ಕೆಳಗಿನ ಒಂದೇ ಸಾಲನ್ನು: ಸಂಪಾದಕಿ, ಮುದ್ರಕಿ, ಪ್ರಕಾಶಕಿ ಎಂದು ನನ್ನ ಹೆಸರಿದ್ದ ಸಾಲು.

ಆ ಸಾಲಿನ ಭಾರ ತಿಳಿದದ್ದು ಎರಡನೆಯ ವರ್ಷ. ಹಿರಿಯರೊಬ್ಬರ ನಿಧನವಾರ್ತೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮಗನ ಹೆಸರು ಅಚ್ಚಾಗಿತ್ತು. ಆ ಮಗ ತಲೆ ಬೋಳಿಸಿಕೊಂಡು, ಪತ್ರಿಕೆ ಹಿಡಿದು ಬಂದು, ಆ ಸಾಲಿನ ಮೇಲೆ ಬೆರಳಿಟ್ಟು "ಇವರು ಯಾರು?" ಎಂದು ಕೇಳಿದರು. "ನಾನೇ" ಎಂದೆ. ಅವರು ಮತ್ತೇನೂ ಹೇಳದೆ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತರು. ಮೊಳೆ ಜೋಡಿಸಿದವರು ಬೇರೆಯವರಾದರೂ ಕರಡಚ್ಚನ್ನು (ಪ್ರೂಫ್) ನೋಡಿದವಳು ನಾನು. ಅಂದು ಸಂಜೆ ಅವರ ಮನೆಗೆ ಹೋಗಿ ತಾಯಿಯವರ ಕ್ಷಮೆ ಕೇಳಿದೆ. ಮುಂದಿನ ವಾರ ತಿದ್ದುಪಡಿಯನ್ನು ಮುಖಪುಟದಲ್ಲಿ, ಸುದ್ದಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಹಾಕಿದೆ. ತಿದ್ದುಪಡಿಯನ್ನು ಮೂಲೆಗೆ ತಳ್ಳುವ ಪತ್ರಿಕೆಯನ್ನು ಸಣ್ಣ ಊರು ನಂಬುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂದಿನಿಂದ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ನೋಡುವುದು, ಹೆಸರುಗಳನ್ನಂತೂ ಅಕ್ಷರ ಬಿಡಿಸಿ ಓದುವುದು ನಮ್ಮಲ್ಲಿ ಕಟ್ಟುನಿಟ್ಟಾಯಿತು.

ವರ್ಷದ ಚಂದಾ, ಅಂಗಡಿಗಳ ಜಾಹೀರಾತು, ಆಗೊಮ್ಮೆ ಈಗೊಮ್ಮೆ ಬರುವ ಟೆಂಡರ್ ಪ್ರಕಟಣೆಗಳಿಂದ ಕಾಗದದ ಖರ್ಚು ಹುಟ್ಟುತ್ತಿತ್ತು. ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು. ಈಗ ಪುಟಗಳು ಕಂಪ್ಯೂಟರಿನಲ್ಲಿ ಸಿದ್ಧವಾಗಿ ಮೈಸೂರಿನಲ್ಲಿ ಆಫ್‌ಸೆಟ್ ಆಗಿ ಬರುತ್ತವೆ. 2024ರ ಮಾರ್ಚ್ 1ರಿಂದ ಹಳೆಯ ಕಾಯಿದೆಯೂ ಹೋಗಿ, ನೋಂದಣಿ ಆನ್‌ಲೈನ್ ಆಗಿದೆ. ಪುಟ ಕಳುಹಿಸುವ ರಾತ್ರಿ ಮಾತ್ರ, ಪರದೆಯ ಮೇಲಿನ ಹೆಸರುಗಳನ್ನು ಹುಡುಗಿಯೊಬ್ಬಳಿಂದ ಗಟ್ಟಿಯಾಗಿ ಓದಿಸಿ, ಅಕ್ಷರ ಬಿಡಿಸಿ ಕೇಳುತ್ತೇನೆ.