ಚಂಡೆಯ ಪೆಟ್ಟಿಗೆ ಎದ್ದ ಅಲೆ

ನಮ್ಮ ಮಾವ ಚಂಡೆ ಬಾರಿಸುತ್ತಾರೆ. ಅವರು ಪೆಟ್ಟು ಹಾಕಿದ ಹಾಗೆಲ್ಲ ಹಿಂದಿನ ಪರದೆಯಲ್ಲಿ ಕಾರವಾರದ ಸಮುದ್ರ ಏಳಬೇಕು, ಆಮೇಲೆ ನಿಧಾನ ಹಿಂದೆ ಸರಿಯಬೇಕು. ನನ್ನ ಆಸೆ ಇಷ್ಟೇ ಇತ್ತು. ಟಾಗೋರ್ ಬೀಚಿನಲ್ಲಿ ಮೊಬೈಲಿನಿಂದ ಹಿಡಿದ ಅಲೆಯ ವಿಡಿಯೋ ಕೈಯಲ್ಲಿತ್ತು. ಕೋಡ್ ಬರೆಯುವುದು ಮಾತ್ರ ಗೊತ್ತಿರಲಿಲ್ಲ.

ಹುಡುಕುವಾಗ ಸಿಕ್ಕಿದ್ದು ಪ್ಯೂರ್ ಡೇಟಾ ಎಂಬ, ಶಬ್ದ ಮತ್ತು ಚಿತ್ರಗಳ ಜೊತೆ ಆಡುವ ಸಾಫ್ಟ್‌ವೇರ್. ಬಳಸುವವರು ಪಿಡಿ ಅನ್ನುತ್ತಾರೆ. ಮಿಲ್ಲರ್ ಪಕೆಟ್ ಎಂಬವರು 1980ರ ದಶಕದಲ್ಲಿ ಪ್ಯಾರಿಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಶುರು ಮಾಡಿದರು. ಅದಕ್ಕೆ ಈಗ ದುಡ್ಡು ಕೊಡಬೇಕು. 1990ರ ದಶಕದಲ್ಲಿ ಅವರೇ ಹೊಸದಾಗಿ ಬರೆದ ಪಿಡಿ ಪೂರ್ತಿ ಉಚಿತ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇಲ್ಲಿ ಸಾಲು ಸಾಲು ಕೋಡ್ ಇಲ್ಲ. ಸಣ್ಣ ಸಣ್ಣ ಬಾಕ್ಸ್ ಇಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆಯುವುದು. ಹಾಗೆ ಜೋಡಿಸಿದ್ದಕ್ಕೆ ಪ್ಯಾಚ್ ಅಂತ ಹೆಸರು.

ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ವಿಡಿಯೋ ನೋಡಿ ಕಲಿಯುವುದು ಆಗದ ಮಾತಾಗಿತ್ತು. ನನ್ನನ್ನು ಉಳಿಸಿದ್ದು ಪಿಡಿಯ ಒಳಗೇ ಇರುವ ಹೆಲ್ಪ್. ಯಾವ ಬಾಕ್ಸಿನ ಮೇಲಾದರೂ ಬಲಗಡೆ ಕ್ಲಿಕ್ ಮಾಡಿ ಹೆಲ್ಪ್ ಒತ್ತಿದರೆ ಒಂದು ಪ್ಯಾಚ್ ತೆರೆಯುತ್ತದೆ. ಅದು ಸುಮ್ನೆ ಓದುವ ಪುಟ ಅಲ್ಲ, ಓಡುವ ಪ್ಯಾಚ್. ಅದರಲ್ಲಿದ್ದದ್ದನ್ನು ಕಾಪಿ ಮಾಡಿ ನಮ್ಮ ಪ್ಯಾಚಿಗೆ ಹಾಕಿಕೊಳ್ಳಬಹುದು. ಎರಡು ತಿಂಗಳು ನಾನು ಕಲಿತದ್ದೆಲ್ಲ ಹೀಗೇ.

ಮೊದಲ ಪ್ಯಾಚಿನಲ್ಲಿ ಮೂರೇ ಬಾಕ್ಸ್. ಸ್ವರ ಹುಟ್ಟಿಸುವ ಆಸ್ಕ್~ 440, ಅದರ ಕೆಳಗೆ ದನಿ ತಗ್ಗಿಸುವ *~ 0.1, ಅದರ ಕೆಳಗೆ ಸ್ಪೀಕರಿಗೆ ಕಳಿಸುವ ಡ್ಯಾಕ್~. ಕಿವಿಗೆ ಒಂದು ಸ್ವರ ಬಂತು. ನಡುವಿನ 0.1 ಬಿಟ್ಟುಬಿಡಬೇಡಿ, ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೆ ಪೆಟ್ಟು. ಹೆಸರಿನ ಕೊನೆಗೆ ~ ಇದ್ದರೆ ಅದು ಶಬ್ದದ ಬಾಕ್ಸ್, ನನ್ನ ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ 44,100 ಸಲ ಲೆಕ್ಕ ಹಾಕುತ್ತಲೇ ಇರುತ್ತದೆ. ~ ಇಲ್ಲದ್ದು ಸಂದೇಶ ಬಂದಾಗ ಮಾತ್ರ ಎಚ್ಚರಾಗುತ್ತದೆ.

ನನಗೆ ಜಾಸ್ತಿ ದಿನ ತಿಂದದ್ದು ಬಾಕ್ಸಿನ ತಲೆಯ ಮೇಲಿನ ತೂತುಗಳು. ಕೂಡಿಸುವ ಬಾಕ್ಸಿನ ಬಲಗಡೆ ತೂತಿಗೆ ಎಷ್ಟು ಸಂಖ್ಯೆ ಕಳಿಸಿದರೂ ಉತ್ತರ ಬರುವುದಿಲ್ಲ. ಅದು ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ, ಅಷ್ಟೇ. ಎಡಗಡೆ ತೂತಿಗೆ ಏನಾದರೂ ಬಂದಾಗಲೇ ಲೆಕ್ಕ ಹಾಕಿ ಹೊರಗೆ ಬಿಡುತ್ತದೆ. ಬಲಕ್ಕೆ ಮೊದಲು, ಎಡಕ್ಕೆ ಕೊನೆಗೆ. ಇದು ತಲೆಗೆ ಹೋಗುವ ತನಕ ನನ್ನ ಯಾವ ಪ್ಯಾಚೂ ಹೇಳಿದಂತೆ ಕೇಳಲಿಲ್ಲ.

ಚಂಡೆಯ ಮರದ ಕಳಸಿಗೆಗೆ ಅದುರುವಿಕೆಯನ್ನು ವಿದ್ಯುತ್ ಸಂಕೇತ ಮಾಡುವ ಒಂದು ಪೀಜೊ ಬಿಲ್ಲೆ ಟೇಪಿನಿಂದ ಅಂಟಿಸಿದೆ. ಪೆಟ್ಟು ಬೀಳುವ ಚರ್ಮದ ಮುಚ್ಚಿಗೆಗೆ ಅಂಟಿಸಿದರೆ ನಾದ ಕೆಡುತ್ತದೆ, ಮಾವ ಒಪ್ಪುವುದೂ ಇಲ್ಲ. ತಂತಿ ಯುಎಸ್‌ಬಿ ಸೌಂಡ್ ಕಾರ್ಡಿಗೆ. ಮೊದಲು ಕೇಳಿದ್ದು ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ. ಚಾರ್ಜರ್ ಕಿತ್ತರೆ ಕಡಿಮೆಯಾಯಿತು, ಉಳಿದದ್ದನ್ನು, 200 ಹರ್ಟ್ಸ್‌ಗಿಂತ ಕೆಳಗಿನ ದನಿ ತಗ್ಗಿಸುವ ಹಿಪ್~ 200 ಬಾಕ್ಸ್ ಸೋಸಿತು. ಚಂಡೆಯದು ಎತ್ತರದ ದನಿ, ಕೆಳಗಿನದನ್ನು ಕತ್ತರಿಸಿದರೆ ನಷ್ಟವಿಲ್ಲ.

ಮಾವ ಕೋಲು ಎತ್ತಿ ಒಂದು ಪೆಟ್ಟು ಹಾಕಿದರು. ಪೆಟ್ಟು ಸಿಕ್ಕಾಗ ಲ್ಯಾಪ್‌ಟಾಪಿನ ಪರದೆಯಲ್ಲಿ ಮಿಂಚುವ ಗುರುತು ನೋಡಿ, “ಆನು ಹೊಡದದ್ದು ಒಂದು ಪೆಟ್ಟು, ಅದು ಎರಡು ಸಲ ಮಿಂಚ್ತಲೇ ಕೂಸೇ” ಅಂದರು. ನಿಜ. ಪೆಟ್ಟು ಬಿದ್ದ ಮೇಲೂ ಕಳಸಿಗೆ ಅದುರುತ್ತಿರುತ್ತದೆ, ಅದನ್ನೂ ಪಿಡಿ ಹೊಸ ಪೆಟ್ಟು ಅಂದುಕೊಂಡಿತ್ತು. ಶಬ್ದ ಒಂದು ಮಟ್ಟ ದಾಟಿದ್ದನ್ನು ಗುರುತಿಸುವ ಥ್ರೆಶೋಲ್ಡ್~ ಬಾಕ್ಸಿನಲ್ಲಿ ಇದಕ್ಕೆ ಉಪಾಯವಿದೆ: ಒಂದು ಪೆಟ್ಟಿನ ನಂತರ ಇಷ್ಟು ಹೊತ್ತು ಕಿವಿ ಮುಚ್ಚಿಕೋ ಅಂತ ಹೇಳಬಹುದು. 200 ಮಿಲಿಸೆಕೆಂಡ್ ಕೊಟ್ಟೆ. ಬಿಡಿ ಪೆಟ್ಟು ಸರಿಹೋಯಿತು. ಆದರೆ ಮಾವ ಬಿಡ್ತಿಗೆ, ಅಂದರೆ ಒಂದರ ಹಿಂದೆ ಒಂದು ಬೇಗ ಬೀಳುವ ಪೆಟ್ಟು, ಬಾರಿಸಿದ ಕೂಡಲೇ ಅರ್ಧ ಪೆಟ್ಟು ಮಾಯ. ಇಳಿಸುತ್ತಾ ಇಳಿಸುತ್ತಾ 70ಕ್ಕೆ ಬಂದು ನಿಂತೆ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ಜೋರು ಪೆಟ್ಟಿಗೆ ದೊಡ್ಡ ಅಲೆ ಬೇಕಲ್ವಾ? ಶಬ್ದ ಎಷ್ಟು ಜೋರು ಅಂತ ಎನ್ವ್~ ಹೇಳುತ್ತದೆ. ಆದರೆ ಎಷ್ಟೇ ಜೋರಾಗಿ ಹೊಡೆದರೂ ಸಣ್ಣ ಸಂಖ್ಯೆಯೇ ಬರುತ್ತಿತ್ತು. ನಾಲ್ಕು ದಿನ ತಂತಿ ಕಿತ್ತು ತಂತಿ ಹಾಕಿದೆ. ಕೊನೆಗೆ ಹೆಲ್ಪ್ ಪ್ಯಾಚಿನಲ್ಲೇ ಕಾರಣ ಕಂಡಿತು. ಎನ್ವ್~ ಒಮ್ಮೆಗೆ 1024 ಸ್ಯಾಂಪಲ್ (ಶಬ್ದದ ಬಿಡಿ ಅಳತೆ) ಒಟ್ಟು ಮಾಡಿ ಅಳೆಯುತ್ತದೆ, ಅಂದರೆ ಸುಮಾರು 23 ಮಿಲಿಸೆಕೆಂಡ್. ಪೆಟ್ಟು ಬಿತ್ತು ಅಂತ ಗೊತ್ತಾದ ಕ್ಷಣದಲ್ಲೇ ನಾನು ಅದರ ಸಂಖ್ಯೆ ಓದುತ್ತಿದ್ದೆ. ಆಗ ಅದರ ಹತ್ತಿರ ಇದ್ದದ್ದು ಪೆಟ್ಟಿಗಿಂತ ಮೊದಲಿನ ಮೌನದ ಅಳತೆ! ನಡುವೆ 25 ಮಿಲಿಸೆಕೆಂಡ್ ತಡ ಮಾಡುವ ಒಂದು ಡಿಲೇ 25 ಬಾಕ್ಸ್ ಹಾಕಿದೆ. ಎನ್ವ್~ ಹೇಳುವ ಸಂಖ್ಯೆ, ಸಂಖ್ಯೆ ಇಟ್ಟುಕೊಳ್ಳುವ ಫ್ಲೋಟ್ ಬಾಕ್ಸಿನ ಬಲಗಡೆ ತೂತಿನಲ್ಲಿ ಕಾಯುತ್ತಿರುತ್ತದೆ, ತಡವಾಗಿ ಬಂದ ಬ್ಯಾಂಗ್ (‘ಈಗ ಮಾಡು’ ಎಂಬ ಸಂದೇಶ) ಎಡಗಡೆಯಿಂದ ಅದನ್ನು ಹೊರಡಿಸುತ್ತದೆ. ಮೆಲು ಪೆಟ್ಟಿಗೆ 60, ಜೋರಿಗೆ 90. ಅರವತ್ತು ಕಳೆದು ಮೂರರಿಂದ ಗುಣಿಸಿದರೆ ವಿಡಿಯೋದ ಎಷ್ಟನೇ ಚಿತ್ರ ತೋರಿಸಬೇಕು ಎಂಬ ಫ್ರೇಮ್ ಸಂಖ್ಯೆ ಸಿದ್ಧ.

ವಿಡಿಯೋ ಕೆಲಸಕ್ಕೆ ಪಿಡಿಗೆ ಸೇರಿಸಿಕೊಳ್ಳುವ ಜೆಮ್ ಎಂಬ ಬಾಕ್ಸುಗಳ ಗುಂಪು ಇದೆ. ಚಿತ್ರವನ್ನು ಚೌಕದ ಮೇಲೆ ಹಚ್ಚುವ ಪಿಕ್ಸ್_ಟೆಕ್ಸ್ಚರ್ ಬಾಕ್ಸ್ ಮರೆತರೆ ಅಲೆಯ ಬದಲು ಬರೀ ಬಿಳಿ ಚೌಕ ಕಾಣುತ್ತದೆ, ನೆನಪಿಡಿ. ಮೊಬೈಲಿನ ವಿಡಿಯೋ ಹಾಗೇ ಹಾಕಿದರೆ ತಡವರಿಸುತ್ತದೆ. ಅದರಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರ ಅಲ್ಲ, ಹೆಚ್ಚಿನವುಗಳಲ್ಲಿ ಬದಲಾದ ಭಾಗ ಮಾತ್ರ ಇರುತ್ತದೆ. ಹಿಂದೆ ಮುಂದೆ ಓಡಿಸಲು ಎಲ್ಲ ಫ್ರೇಮೂ ಪೂರ್ತಿ ಚಿತ್ರವಾಗಿರುವ ಮೋಷನ್ ಜೆಪೆಗ್‌ಗೆ ಬದಲಿಸಿಕೊಂಡೆ. ಫೈಲ್ ದೊಡ್ಡದಾಯಿತು, ಅಲೆ ನುಣುಪಾಯಿತು.

ಕೊನೆಯ ಬಾಕ್ಸ್ ಲೈನ್. ಅದಕ್ಕೆ ಹೋಗುವ ಸಂದೇಶ ಇಷ್ಟೇ: “$1, 0 800”. ಬಂದ ಫ್ರೇಮ್ ಸಂಖ್ಯೆಗೆ ತಟ್ಟನೆ ಹಾರು, ಆಮೇಲೆ 800 ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿ. ನನಗೆ ಬೇಕಿದ್ದ ಸಮುದ್ರ ಈ ಒಂದು ಸಾಲಿನಲ್ಲಿತ್ತು.

ಚೌತಿಯ ಮರುದಿನ ರಾತ್ರಿ ಜಗಲಿಯಲ್ಲಿ ಬಿಳೀ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಚ್ಚಿದೆವು. ಮಾವ ಎಂದಿನಂತೆ ಬಾರಿಸಿದರು, ಅಲೆ ಏಳುತ್ತಾ ಬೀಳುತ್ತಾ ಇತ್ತು. ಸ್ವಲ್ಪ ಹೊತ್ತಿಗೆ ಅವರು ಪಂಚೆಯ ಕಡೆ ತಿರುಗಿ ಕುಳಿತರು. ಒಂದು ಪೆಟ್ಟು ಹಾಕಿ, ನೀರು ಪೂರ್ತಿ ಇಳಿಯುವ ತನಕ ಕೋಲು ಎತ್ತಿಕೊಂಡೇ ಕಾದರು. ಮರಳು ಕಂಡ ಮೇಲೆ ಮುಂದಿನ ಪೆಟ್ಟು.