ಮೂರು ರಾಜ್ಯದ ಸೀಲು ಬಿದ್ದ ಆಸ್ಟಿನ್ ಮಾರಿದ್ದು

ನಮ್ಮ ಸೌದೆ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಒಂದು ಕಾರು ನಿಂತಿತ್ತು. 1950ರ ಆಸ್ಟಿನ್ ಎ40 ಡೆವನ್. ಬಣ್ಣ ಬೂದು ಎಂದು ಆರ್‌ಸಿ ಪುಸ್ತಕ ಹೇಳುತ್ತದೆ. ನನಗೆ ನೆನಪಿರುವ ಬಣ್ಣ ಬೇರೆ. ಅಡಿಕೆ ಸಿಪ್ಪೆಯ ಧೂಳು, ಹೊಗೆ, ಕೋಳಿ ಹಿಕ್ಕೆ ಎಲ್ಲ ಸೇರಿದರೆ ಯಾವ ಬಣ್ಣ ಆಗುತ್ತದೋ ಅದು.

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಡ್ಕಸ್ಥಳ ದಾಟಿದರೆ ಕರ್ನಾಟಕ. 2022ರ ಮಳೆಗಾಲದಲ್ಲಿ ಕೊಟ್ಟಿಗೆಯ ಮಾಡಿನ ಒಂದು ಪಕ್ಕಾಸು ಮುರಿಯಿತು. ಕಾರು ಮಾರಿ ಅಂತ ಮನೆಯಲ್ಲಿ ಆಗ ಶುರುವಾಯಿತು. ಮೊದಲು ಬಂದವನು ಗುಜರಿಯವ. ಟೈರಿಗೆ ಒಂದು ಒದ್ದು ನೋಡಿ ಹದಿನೆಂಟು ಸಾವಿರ ಎಂದ. ಆಮೇಲೆ ನನ್ನ ಭಾವ ತನ್ನ ಪರಿಚಯದ ಗ್ಯಾರೇಜಿನವರನ್ನು ಕರೆದುಕೊಂಡು ಬಂದರು. ಅವರ ಲೆಕ್ಕ ಬೇರೆಯೇ. "ಟಿಂಕರಿಂಗ್ ಮಾಡಿ, ಕೆಂಪು ಪೇಂಟ್ ಹೊಡೆದು, ಹೊಸ ಸೀಟ್ ಹಾಕುವ. ನಾಲ್ಕು ಲಕ್ಷ ಖರ್ಚಾಗ್ತದೆ, ಎಂಟಕ್ಕೆ ಕಣ್ಣು ಮುಚ್ಚಿ ಹೋಗ್ತದೆ."

ನಾನು ಹೂಂ ಎನ್ನುವವನೇ ಇದ್ದೆ. ಅಷ್ಟರಲ್ಲಿ ಪೆಟ್ಟಿಗೆಯಿಂದ ಆರ್‌ಸಿ ಪುಸ್ತಕ ಸಿಕ್ಕಿತು.

ಹಳೇ ಕಾಲದ್ದು, ಬಟ್ಟೆ ಅಂಟಿಸಿದ ರಟ್ಟಿನ ಪುಸ್ತಕ. ಮೊದಲ ಪುಟದಲ್ಲಿ ಮದ್ರಾಸ್ ರಾಜ್ಯದ ಸೀಲು. 1950ರಲ್ಲಿ ಮಂಗಳೂರಿನ ಒಬ್ಬ ಡಾಕ್ಟರು ತೆಗೆದುಕೊಂಡದ್ದು. ಆಗ ಮಂಗಳೂರು, ಪುತ್ತೂರು, ಕಾಸರಗೋಡು ಎಲ್ಲ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಕೇರಳಕ್ಕೆ ಹೋದೆವು. ಡಾಕ್ಟರು ಕಾರನ್ನು ಪುತ್ತೂರಿನ ಒಬ್ಬ ಅಡಿಕೆ ವ್ಯಾಪಾರಿಗೆ ಮಾರಿದ್ದು ಮರುವರ್ಷ. ಹಾಗಾಗಿ ಆ ಪುಟದಲ್ಲಿ ಮೈಸೂರು ರಾಜ್ಯದ ಸೀಲು. ವ್ಯಾಪಾರಿಯಿಂದ ನನ್ನ ಅಜ್ಜ ತೆಗೆದುಕೊಂಡದ್ದು 1961ರಲ್ಲಿ, ನಾಲ್ಕೂವರೆ ಸಾವಿರಕ್ಕೆ. ಅಲ್ಲಿಂದ ಮುಂದೆ ಕೇರಳದ ಸೀಲುಗಳು, ಎಲ್ಲ ಕಣ್ಣೂರಿನವು. ಕಾಸರಗೋಡು ಸ್ವಂತ ಜಿಲ್ಲೆಯಾದದ್ದು 1984ರ ಮೇಯಲ್ಲಿ. ಅದೇ ವರ್ಷ ಅಜ್ಜ ತೀರಿಕೊಂಡರು. ಕಾಸರಗೋಡಿನ ಹೆಸರಿನ ಒಂದು ಸೀಲೂ ಆ ಪುಸ್ತಕದಲ್ಲಿ ಇಲ್ಲ.

ಮಂಗಳೂರು, ಪುತ್ತೂರು, ಪೆರ್ಲ. ಇಷ್ಟರೊಳಗೇ ಓಡಾಡಿದ ಕಾರು ಮೂರು ರಾಜ್ಯ ಕಂಡಿತ್ತು. ಕಾರಿಗಿಂತ ಜಾಸ್ತಿ ರಾಜ್ಯಗಳೇ ಓಡಾಡಿದ್ದು!

ಇದಕ್ಕೆ ಕೆಂಪು ಪೇಂಟ್ ಹೊಡೆದರೆ ಎಂತ ಉಳಿಯುತ್ತದೆ ಎಂದು ಆ ರಾತ್ರಿ ಯೋಚನೆ ಬಂತು. ಪೇಂಟ್ ಹೊಡೆದ ಆಸ್ಟಿನ್ ಊರಲ್ಲಿ ಬೇರೆಯೂ ಇರಬಹುದು. ಹಿಂದಿನ ನಂಬರ್ ಪ್ಲೇಟಿನಲ್ಲಿ ಕೇರಳದ ನಂಬರಿನ ಕಪ್ಪು ಬಣ್ಣ ಎದ್ದುಹೋದ ಕಡೆ, ಅಡಿಯಿಂದ ಮದ್ರಾಸಿನ ಹಳೇ ನಂಬರಿನ ಬಿಳಿ ಅಕ್ಷರ ಇಣುಕುತ್ತಿತ್ತು. ಅದನ್ನು ಯಾವ ಪೇಂಟರ್ ಬರೆದುಕೊಡ್ತಾನೆ, ಹೇಳಿ?

ಕಾನೂನು ಕೂಡ ಅದೇ ಕಡೆ ಇದೆ ಎಂದು ಆಮೇಲೆ ಗೊತ್ತಾಯಿತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ ಹೊಸ ರಿಜಿಸ್ಟ್ರೇಷನ್ನಿಗೆ ನಂಬರಿನ ನಡುವೆ 'ವಿಎ' ಎಂದು ಬರುವ ಬೇರೆ ಸರಣಿ ಸಿಗುತ್ತದೆ. ಹೊಸದಾಗಿ ರಿಜಿಸ್ಟರ್ ಮಾಡಲು ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವ ಹಾಗಿಲ್ಲ. ಖರ್ಚು ಉಳಿಸಲು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು ಒಂದು ಕಾಲದಲ್ಲಿ ಎಲ್ಲ ಕಡೆ ಇತ್ತಲ್ವಾ? ಅಜ್ಜನಿಗೂ ಯಾರೋ ಹೇಳಿದ್ದರಂತೆ. "ಅದು ಹೋಗ್ಲಿಕ್ಕೆ ಇರುವುದು, ಉಳಿಸ್ಲಿಕ್ಕೆ ಅಲ್ಲ" ಎಂದು ಅಜ್ಜ ಕಳಿಸಿಬಿಟ್ಟರಂತೆ. ಆ ಹಟದಿಂದ ಸಾವಿರದ ಇನ್ನೂರು ಸಿಸಿಯ ಮೂಲ ಎಂಜಿನ್ ಹಾಗೇ ಉಳಿಯಿತು.

ಆದರೆ ಮಾರಲು ಕಾರು ನಮ್ಮ ಹೆಸರಲ್ಲಿ ಇರಬೇಕಲ್ಲ! ಅದು ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಅಪ್ಪ ಬದಲಾಯಿಸಿರಲಿಲ್ಲ, ಅಪ್ಪನೂ ಈಗ ಇಲ್ಲ. ಕಷ್ಟ ಇದ್ದದ್ದು ಇಲ್ಲಿಯೇ, ಎಂಜಿನ್‌ನಲ್ಲಿ ಅಲ್ಲ. ವಿಲೇಜ್ ಆಫೀಸು, ಅಲ್ಲಿಂದ ಉಪ್ಪಳದ ತಾಲೂಕು ಆಫೀಸು, ವಾರಸುದಾರರ ಸರ್ಟಿಫಿಕೇಟು. ಇಬ್ಬರು ಅತ್ತೆಯಂದಿರು, ತೀರಿಕೊಂಡ ದೊಡ್ಡಪ್ಪನ ಮೂರು ಮಕ್ಕಳು, ನಾನು, ನನ್ನ ತಂಗಿ. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಸುಳ್ಯದ ದೊಡ್ಡತ್ತೆ ಸಹಿ ಹಾಕುವ ಮೊದಲು ಒಂದು ಗಂಟೆ ಕಥೆ ಹೇಳಿದರು. ಅವರು ಹೆರಿಗೆಗೆ ಹೋದದ್ದು ಈ ಕಾರಲ್ಲಿ. ಊರಿನ ಇನ್ನೂ ಎಷ್ಟೋ ಹೆಂಗಸರು ಹೋದದ್ದು ಇದರಲ್ಲೇ. ಒಂದು ಮಗು ಆಸ್ಪತ್ರೆ ತಲುಪುವ ಮೊದಲೇ ವಿಟ್ಲದ ಹತ್ತಿರ ಹಿಂದಿನ ಸೀಟಿನಲ್ಲೇ ಹುಟ್ಟಿತಂತೆ. ಆ ಮಗು ಈಗ ಅರುವತ್ತು ಸಮೀಪಿಸಿದ ಮನುಷ್ಯ. ನಾನು ಹೋಗಿ ಕೇಳಿದೆ. ಹೌದೆಂದು ನಕ್ಕು, ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು.

ಮನೆಯಲ್ಲಿ ಇನ್ನೊಂದು ಕಥೆಯೂ ಇತ್ತು. ಒಬ್ಬ ದೊಡ್ಡ ಕವಿಗಳು ಈ ಕಾರಲ್ಲಿ ಕೂತು ಒಂದು ಸಭೆಗೆ ಹೋಗಿದ್ದರು ಎಂದು. ಭಾವ ಅದನ್ನೇ ಮೊದಲು ಬರೆ ಎಂದರು. ಫೋಟೋ ಇಲ್ಲ, ಪತ್ರ ಇಲ್ಲ, ಕಂಡವರು ಒಬ್ಬರೂ ಇಲ್ಲ. ನಾನು ಬರೆಯಲಿಲ್ಲ. ಹಳೇ ಕಾರು ಕೊಳ್ಳುವವರು ಇಂಥ ಕಥೆ ದಿನಕ್ಕೆ ಹತ್ತು ಕೇಳಿರುತ್ತಾರೆ. ಒಂದು ಸುಳ್ಳೆಂದು ಅನುಮಾನ ಬಂದರೆ ಉಳಿದ ಒಂಬತ್ತನ್ನೂ ನಂಬುವುದಿಲ್ಲ.

ಅದಕ್ಕೇ ಒಂದು ಫೈಲು ಮಾಡಿದೆ. ಆರ್‌ಸಿ ಪುಸ್ತಕ, ಅಜ್ಜ ಕೊಟ್ಟ ಹಣದ ರಶೀದಿ, ಟ್ಯಾಕ್ಸ್ ಕಟ್ಟಿದ ಚೀಟಿಗಳು, ಅತ್ತೆಯ ಮದುವೆ ದಿಬ್ಬಣದ ಕಪ್ಪುಬಿಳುಪು ಫೋಟೋ ಒಂದು (ಕಾರಿನ ಮುಂಭಾಗ ಪೂರ್ತಿ ಕಾಣುತ್ತದೆ, ಮದುಮಗನ ಅರ್ಧ ಮುಖ ಮಾತ್ರ), ಮತ್ತೆ ಆ ನಾಲ್ಕು ಸಾಲು. ಕಾಗದ ಇದ್ದದ್ದನ್ನು ಒಂದು ಕಡೆ, ಬಾಯಿಮಾತನ್ನು ಬೇರೆ ಕಡೆ ಇಟ್ಟೆ. ಮದ್ರಾಸಿನ ಎಣ್ಣೂರಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ ಆ ಕಾಲದಲ್ಲಿ ಆಸ್ಟಿನ್ ಎ40 ಜೋಡಿಸುತ್ತಿತ್ತು. ಅದೇ ಮುಂದೆ ಅಶೋಕ್ ಲೇಲ್ಯಾಂಡ್ ಆದದ್ದು. ನಮ್ಮ ಕಾರು ಅಲ್ಲಿಂದಲೇ ಬಂದದ್ದು ಎಂದು ಅಜ್ಜ ಹೇಳುತ್ತಿದ್ದರು. ಅದನ್ನೂ ಬಾಯಿಮಾತಿನ ಕಡೆಗೇ ಹಾಕಿದೆ.

ಟ್ಯಾಕ್ಸಿನ ವಿಷಯ. 1992ರಲ್ಲಿ ಕಾರು ನಿಂತಾಗ ಅಪ್ಪ ಜಿ ಫಾರ್ಮ್ ಕೊಟ್ಟಿದ್ದರು. ಓಡಿಸುವುದಿಲ್ಲ ಎಂದು ಮೊದಲೇ ತಿಳಿಸಿದರೆ ಕೇರಳದಲ್ಲಿ ಟ್ಯಾಕ್ಸ್ ವಿನಾಯಿತಿ ಸಿಗುತ್ತದೆ. ಐದಾರು ವರ್ಷ ಕೊಟ್ಟು ಆಮೇಲೆ ಬಿಟ್ಟಿದ್ದರು. ಬಾಕಿ, ದಂಡ ಎಲ್ಲ ನಾನು ಕಟ್ಟಿದೆ. ಹಳೇ ಗಾಡಿ ಮೂಲೆಯಲ್ಲಿ ನಿಲ್ಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಜಿ ಫಾರ್ಮ್ ನೋಡಿಕೊಳ್ಳಿ.

ಓನರ್ ತೀರಿಕೊಂಡಾಗ ಹೆಸರು ಬದಲಾಯಿಸಲು ಫಾರ್ಮ್ 31. ಮಾರಲು 29 ಮತ್ತು 30. ಬೇರೆ ರಾಜ್ಯಕ್ಕೆ ಹೋಗುವುದಾದರೆ, ಆಕ್ಷೇಪ ಇಲ್ಲ ಎಂದು ಆರ್‌ಟಿಒ ಕೊಡುವ ಎನ್‌ಒಸಿಗೆ 28. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಡಬೇಕು. ತುಕ್ಕಿನ ಕೆಳಗೆ ಆ ನಂಬರ್ ಹುಡುಕಲು ನನಗೆ ಅರ್ಧ ದಿನ ಹಿಡಿಯಿತು. ಸ್ಯಾಂಡ್‌ಪೇಪರ್ ಹಾಕಬೇಡಿ, ನಂಬರೇ ತೇಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಪುಸ್ತಕಕ್ಕೆ ಸರಿಯಾಗಿ ಕೂಡಿದ ದಿನ ನಾನು ಪೆರ್ಲ ಪೇಟೆಯಿಂದ ಜಿಲೇಬಿ ತಂದಿದ್ದೆ.

ಇನ್ನು ಕಾರು. ತೊಳೆದದ್ದು ಬರೀ ನೀರು ಮತ್ತು ಬಟ್ಟೆಯಲ್ಲಿ. ಪಾಲಿಷ್ ಹಾಕಲಿಲ್ಲ. ಧೂಳಿನ ಅಡಿಯಲ್ಲಿ ಮೂಲ ಬಣ್ಣ ಇತ್ತು. ಕೆಲವು ಕಡೆ ತೆಳುವಾಗಿ ಒಳಗಿನ ಪ್ರೈಮರ್ ಕಾಣುತ್ತಿತ್ತು. ಬಾನೆಟ್ ಮೇಲಿನ ರೆಕ್ಕೆಯಂಥ 'ಎ' ಹಾಗೇ ಇತ್ತು. ಟರ್ನ್ ಮಾಡುವಾಗ ಬಾಗಿಲ ಕಂಬದಿಂದ ಹೊರಗೆ ಚಾಚುವ ಪುಟ್ಟ ಕೈಗಳಲ್ಲಿ ಎಡಗಡೆಯದ್ದು ಇನ್ನೂ ಏಳುತ್ತಿತ್ತು. ಒಳಗಿನ ಮಾಡಿನ ಬಟ್ಟೆಯನ್ನು ಇಲಿಗಳು ಕಿತ್ತು ಸೀಟಿನೊಳಗೆ ಬಾಣಂತಿ ಕೋಣೆ ಮಾಡಿಕೊಂಡಿದ್ದವು. ಇಲಿ ಗೂಡು ತೆಗೆದೆ, ಹರಿದ ಬಟ್ಟೆಯನ್ನು ಎಸೆಯದೆ ಚೀಲದಲ್ಲಿ ಕಟ್ಟಿಟ್ಟೆ. ಅದೇ ಮಾದರಿಯ ಬಟ್ಟೆ ಹುಡುಕುವವರಿಗೆ ಚೂರು ಸಿಕ್ಕಿದರೂ ಉಪಕಾರ.

ಡಿಕ್ಕಿ ನಮ್ಮ ಕಾರಿನ ದೊಡ್ಡ ರೋಗ. ಅಜ್ಜ ಅದರಲ್ಲಿ ತೋಟಕ್ಕೆ ಮೈಲುತುತ್ತು ತರುತ್ತಿದ್ದರು. ಕೊಳೆರೋಗಕ್ಕೆ ಸುಣ್ಣ ಸೇರಿಸಿ ಹೊಡೆಯುವ ಮೈಲುತುತ್ತು ಕಬ್ಬಿಣಕ್ಕೆ ಯಮ. ತಳದಲ್ಲಿ ನೀಲಿ ಹಸಿರು ಕಲೆ, ನಡುವೆ ಅಂಗೈ ಅಗಲದ ತೂತು. ಗ್ಯಾರೇಜಿನವರು ತಗಡು ಬೆಸೆದು ಮುಚ್ಚುವ ಎಂದರು. ಮುಚ್ಚಲಿಲ್ಲ, ಫೋಟೋ ತೆಗೆದೆ. ಕಾರಿನ ಕೆಡುಕುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಒಟ್ಟು ಇಪ್ಪತ್ತೇಳು. ಭಾವ ಓದಿ, "ನೀನು ಮಾರುವುದೋ, ಪೊಲೀಸರಿಗೆ ದೂರು ಕೊಡುವುದೋ?" ಎಂದರು.

ಎಂಜಿನ್ ಎಬ್ಬಿಸಿದ್ದು ಊರಿನ ಹಳೇ ಮೆಕ್ಯಾನಿಕ್ ಒಬ್ಬರು. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಎಣ್ಣೆ ಬಿಟ್ಟು ಒಂದು ವಾರ ಸುಮ್ನೆ ಬಿಟ್ಟರು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿದರು. ತಿರುಗಿತು! ಟ್ಯಾಂಕ್ ಮುಟ್ಟಲಿಲ್ಲ. ಒಳಗೆ ತುಕ್ಕು, ಹಳೇ ಪೆಟ್ರೋಲಿನ ಅಂಟು. ಕಾರ್ಬೊರೇಟರಿಗೆ ಮೇಲಿನಿಂದ ಒಂದು ಬಾಟಲಿ ನೇತು ಹಾಕಿ ಪೆಟ್ರೋಲ್ ಕೊಟ್ಟರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೇ ರಬ್ಬರನ್ನು ಹಾಳುಮಾಡುತ್ತದೆ. ಹಾಗಾಗಿ ಪೈಪು ಮಾತ್ರ ಹೊಸದು ಹಾಕಿ, ಹಳತನ್ನು ಎತ್ತಿಟ್ಟೆವು.

ನಡುವೆ ಒಂದು ಎಡವಟ್ಟೂ ಆಯಿತು. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿ ಕಾರಿನ ಮೈಗೆ ಹೋಗುತ್ತದೆ, ಈಗಿನದರ ಉಲ್ಟಾ. ಮೆಕ್ಯಾನಿಕ್ ಊಟಕ್ಕೆ ಹೋದಾಗ ನಾನೇ ಬುದ್ಧಿವಂತಿಕೆ ಮಾಡಿ ಈಗಿನ ಹಾಗೆ ಸಿಕ್ಕಿಸಿದೆ. ಸ್ವಲ್ಪ ಹೊಗೆ, ಒಂದು ವಯರ್ ಭಸ್ಮ. ಕೆಡುಕಿನ ಪಟ್ಟಿಗೆ ಇಪ್ಪತ್ತೆಂಟನೆಯದು ಸೇರಿತು. ಎರಡು ದಿನ ಬಿಟ್ಟು ಎಂಜಿನ್ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ನಿಂತು, ಮತ್ತೆ ಹಿಡಿಯಿತು. ಮೂರು ನಿಮಿಷ ಓಡಿಸಿ ವಿಡಿಯೋ ಮಾಡಿದೆವು. ಬ್ರೇಕ್ ಇಲ್ಲದ ಕಾರು, ಅಂಗಳದಿಂದ ಆಚೆ ತೆಗೆಯಲಿಲ್ಲ.

ವಿಚಾರಿಸಿದವರು ಬಹಳ ಮಂದಿ. ಬಂದು ನೋಡಿದವರು ನಾಲ್ಕು ಜನ. ಮದುವೆಗೆ ಬಾಡಿಗೆ ಬಿಡುವ ಒಬ್ಬರು ಐದು ಲಕ್ಷದ ಮಾತಾಡಿದರು. ವಿಂಟೇಜ್ ನಂಬರ್ ತೆಗೆದರೆ ಬಾಡಿಗೆಗೆ ಓಡಿಸುವ ಹಾಗಿಲ್ಲ ಎಂದು ನಾನು ಹೇಳಿದೆ. ಮತ್ತೆ ಫೋನ್ ಬರಲಿಲ್ಲ. ಹೇಳದೆ ಇರಬಹುದಿತ್ತು ಎಂದು ಭಾವ ಈಗಲೂ ಹೇಳುತ್ತಾರೆ.

ತೆಗೆದುಕೊಂಡವರು ಕೊಯಮತ್ತೂರಿನ ಒಬ್ಬ ನಿವೃತ್ತ ಎಂಜಿನಿಯರ್. ಬಟ್ಟೆ ಸುತ್ತಿದ ಒಂದು ಆಯಸ್ಕಾಂತ ಹಿಡಿದು ಬಂದಿದ್ದರು. ಬಾಡಿಯ ಮೇಲೆಲ್ಲ ಅದನ್ನು ಆಡಿಸಿದರು. ತೂತು, ತಗ್ಗು ಮುಚ್ಚಲು ಮೆತ್ತುವ ಪುಟ್ಟಿ ತುಂಬಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ. ಎಲ್ಲ ಕಡೆ ಹಿಡಿಯಿತು. ಕಾರಿನ ಅಡಿಗೆ ಗೋಣಿ ಹಾಸಿ ಮಲಗಿ ಮುಕ್ಕಾಲು ಗಂಟೆ ಟಾರ್ಚಿನಲ್ಲಿ ನೋಡಿದರು. ಎದ್ದು, ನನ್ನ ಪಟ್ಟಿಯಲ್ಲಿ ಇಲ್ಲದ ಎರಡು ತೂತು ತೋರಿಸಿದರು. ಆಮೇಲೆ ಚಾವಡಿಯಲ್ಲಿ ಕೂತು ಫೈಲು ತೆರೆದರು. ಮೈಸೂರು ರಾಜ್ಯದ ಸೀಲಿನ ಪುಟ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾರು ನೋಡುವಾಗ ಹಾಗೆ ಮಾಡಿರಲಿಲ್ಲ.

"ಪೇಂಟ್ ಮಾಡ್ತೀರಾ ಸಾರ್?" ಎಂದು ಕೇಳಿದೆ.

"ಬ್ರೇಕ್ ಸರಿಮಾಡ್ತೇನೆ. ಡಿಕ್ಕಿಯ ತೂತು ಮುಚ್ಚುತ್ತೇನೆ. ಆ ನೀಲಿ ಕಲೆ ಇರಲಿ" ಎಂದರು.

ನಾನು ಹೇಳಿದ್ದು ನಾಲ್ಕು ಲಕ್ಷ. ಅವರು ಎರಡೂಮುಕ್ಕಾಲಿಗೆ ಶುರು ಮಾಡಿದರು. ಮೂರು ಲಕ್ಷದ ಹತ್ತು ಸಾವಿರಕ್ಕೆ ನಿಂತಿತು. ಇಪ್ಪತ್ತೈದು ಸಾವಿರ ಮುಂಗಡ, ಉಳಿದದ್ದು ಎನ್‌ಒಸಿ ಕೈಗೆ ಬಂದ ಮೇಲೆ ಬ್ಯಾಂಕಿಗೆ. ಎನ್‌ಒಸಿ ಬರಲು ಎರಡೂವರೆ ತಿಂಗಳು ಹಿಡಿಯಿತು. ಆ ಮನುಷ್ಯ ಒಂದು ಸಲವೂ ಅವಸರ ಮಾಡಲಿಲ್ಲ. ದೊಡ್ಡತ್ತೆಯಿಂದ ಹಿಡಿದು ಏಳು ಪಾಲಾದಾಗ ನನ್ನ ಕೈಗೆ ಬಂದದ್ದು ಕೊಟ್ಟಿಗೆಯ ಮಾಡಿಗೆ ಸಾಕಾಯಿತು ಅಷ್ಟೇ.

ಲಾರಿ ಬಂದ ದಿನ ಫೈಲನ್ನು ಮೂಲ ಕಾಗದ ಸಮೇತ ಕೊಟ್ಟೆ. ನನ್ನ ಹತ್ತಿರ ಜೆರಾಕ್ಸ್ ಇದೆ. ದೊಡ್ಡತ್ತೆ ಸುಳ್ಯದಿಂದ ಬಂದಿದ್ದರು. ಕಾರು ಲಾರಿ ಏರುವಾಗ, "ಹಾರನ್ ಒಮ್ಮೆ ಹೊಡೆಯೋ" ಎಂದರು. ನನ್ನಿಂದ ಸುಟ್ಟುಹೋದದ್ದು ಆ ಹಾರನ್‌ನ ವಯರೇ. ಅತ್ತೆಗೆ ಅದು ಹೇಳಲಿಲ್ಲ, ಬ್ಯಾಟರಿ ಇಲ್ಲ ಅತ್ತೆ ಎಂದೆ.

ಮರುದಿನ ಬೆಳಿಗ್ಗೆ ನೋಡುವಾಗ ಆ ಜಾಗದಲ್ಲಿ ಹೆಂಡತಿ ಸೌದೆ ಪೇರಿಸಿ ಆಗಿತ್ತು.