ಶೂ ಒದ್ದೆಯಾಗುತ್ತೆ, ಒಪ್ಪಿಕೊಂಡು ಹೊರಡಿ

ಐರ್ಲೆಂಡಿನ ಡಬ್ಲಿನ್‌ಗೆ ಹೊಸದಾಗಿ ಬಂದ ನಮ್ಮವರನ್ನು ವಿಕ್ಲೋ ಬೆಟ್ಟಕ್ಕೆ ಕರೆದರೆ ಮೊದಲ ಪ್ರಶ್ನೆ, "ಶೂ ಒದ್ದೆಯಾಗಲ್ಲ ತಾನೇ?" ಒದ್ದೆ ಆಗೇ ಆಗುತ್ತೆ. ಇದನ್ನು ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಡಿ. ಬಾಗ್‌ನಲ್ಲಿ, ಅಂದರೆ ಅಲ್ಲಿನ ಜೌಗು ನೆಲದಲ್ಲಿ, ಜಾರಿ ಬೀಳುವವರು ಬಹುಪಾಲು ಶೂ ಉಳಿಸಿಕೊಳ್ಳಲು ಹೋದವರೇ. ದಾರಿ ಹಾಳು ಮಾಡುವವರೂ ಅವರೇ.

ಬಾಗ್ ಅಂದರೆ ಸುಮ್ನೆ ಕೆಸರಲ್ಲ. ಪಾಚಿ, ಹುಲ್ಲು ಸತ್ತ ಮೇಲೂ ನೀರಿನಡಿ ಗಾಳಿ ಸಿಗದೆ ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರ ಕೂತು ಪೀಟ್ ಆಗುತ್ತದೆ. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲವರೆಗೆ ಹೂತವರು ನಾನೂರು, ಐನೂರು ವರ್ಷ ಹಿಂದಕ್ಕೆ ಹೋಗಿ ಬಂದ ಲೆಕ್ಕ!

ಮೊದಲ ಸಲಕ್ಕೆ ಬಾಲಿನಾಸ್ಟೋ ಕಡೆಯಿಂದ ಜೌಸ್ ಬೆಟ್ಟದ ದಾರಿ ಹಿಡಿಯಿರಿ. ಎತ್ತರ 725 ಮೀಟರ್. ಬಾಗ್ ಮೇಲೆ ಹಳೆಯ ರೈಲ್ವೆ ಸ್ಲೀಪರ್‌ಗಳನ್ನು (ಹಳಿಯ ಕೆಳಗಿನ ಮರದ ಹಲಗೆ) ಹಾಸಿದ್ದಾರೆ. ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಎದುರಿನಿಂದ ಬಂದವರಿಗೆ ನಿಂತು ದಾರಿ ಬಿಡಬೇಕು. ಮಳೆ ಬಿದ್ದ ಮರ ಜಾರುತ್ತದೆ, ಹೆಜ್ಜೆ ಚಿಕ್ಕದಿರಲಿ. ವಿಕ್ಲೋ ವೇ ಎಂಬ ದೂರದ ನಡಿಗೆ ದಾರಿಯನ್ನು ರೂಪಿಸಿದ ಜೆ.ಬಿ. ಮಲೋನ್ ಅವರ ನೆನಪಿನ ಕಲ್ಲು ಸಿಗುತ್ತದೆ, ಕೆಳಗೆ ಲಾಕ್ ಟೇ ಸರೋವರ. ಪುಳಿಯೋಗರೆ ಡಬ್ಬಿ ತೆಗೆಯಲು ಅದೇ ಸರಿಯಾದ ಜಾಗ. ತಲೆ ಎಣಿಸುವುದಕ್ಕೂ.

ಗುಂಪು ಎಂಟು ಹತ್ತು ಜನರಿಗಿಂತ ಜಾಸ್ತಿ ಬೇಡ. ದಾರಿ ಗೊತ್ತಿದ್ದವರು ಒಬ್ಬರು ಮುಂದೆ, ಇನ್ನೊಬ್ಬರು ಕಟ್ಟಕಡೆಗೆ. ನಿಧಾನ ನಡೆಯುವವರನ್ನು ಮುಂದಿನವರ ಬೆನ್ನಿಗೇ ಹಾಕಿ. ಹಿಂದೆ ಬಿಟ್ಟರೆ ಅವರು ಬಂದು ಸೇರುವಷ್ಟರಲ್ಲಿ ಉಳಿದವರು ದಣಿವಾರಿಸಿಕೊಂಡು ಎದ್ದಿರುತ್ತಾರೆ, ಪಾಪ, ಅವರಿಗೆ ಕೂರಲು ಸಿಗುವುದೇ ಇಲ್ಲ. ಜೀನ್ಸ್ ಹಾಕಿಕೊಂಡು ಬಂದವರನ್ನು ನಾನಂತೂ ವಾಪಸ್ ಕಳಿಸುತ್ತೇನೆ. ನೆಂದರೆ ಒಣಗುವುದಿಲ್ಲ, ಗಾಳಿಗೆ ಮೈ ಕೊರೆಯುತ್ತದೆ.

ಹಲಗೆ ಮುಗಿದಲ್ಲಿ ಕೆಸರು ಸಿಕ್ಕರೆ ಪಕ್ಕದ ಹುಲ್ಲು ತುಳಿದು ಸುತ್ತು ಹಾಕಬೇಡಿ. ನೆಟ್ಟಗೆ ನಡುವೆಯೇ ಹೋಗಿ. ಪ್ರತಿಯೊಬ್ಬರೂ ಒಂದಡಿ ಪಕ್ಕಕ್ಕೆ ಸರಿದರೆ ಕಾಲುದಾರಿ ಎತ್ತಿನಗಾಡಿ ದಾರಿಯಷ್ಟು ಅಗಲವಾಗುತ್ತದೆ. ಅಲ್ಲಿ ಮತ್ತೆ ಗಿಡ ಹಿಡಿಯಲು ವರ್ಷಗಳೇ ಬೇಕು.

ಬಣ್ಣ ನೋಡಿ ಹೆಜ್ಜೆ ಇಡುವುದನ್ನು ಕಲಿಯಿರಿ. ನೇರಳೆ ಹೂ ಬಿಡುವ ಕುರುಚಲು ಹೆದರ್ ಗಿಡ ಇರುವಲ್ಲಿ ನೆಲ ಸಾಮಾನ್ಯವಾಗಿ ಗಟ್ಟಿ. ಬಿಳಿ ಹತ್ತಿಯ ಉಂಡೆಯಂಥ ಬಾಗ್ ಕಾಟನ್ ತಲೆದೂಗುತ್ತಿದ್ದರೆ ಒದ್ದೆ. ಕಣ್ಣು ಕುಕ್ಕುವ ಹಸಿರು ಪಾಚಿ ಸ್ಫ್ಯಾಗ್ನಮ್. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿಕೊಂಡಿರುತ್ತದೆ. ಅಲ್ಲಿ ಮೊದಲು ಕೋಲು ಇಳಿಸಿ ನೋಡಿ. ಹಾಗೆ ಬಗ್ಗಿದಾಗ ಕೆಂಪು ರೋಮದ ಪುಟ್ಟ ಸನ್‌ಡ್ಯೂ ಕಂಡರೂ ಕಾಣಬಹುದು. ಪೀಟ್‌ನಲ್ಲಿ ಸಾರವಿಲ್ಲ, ಅದಕ್ಕೇ ಹುಳ ಹಿಡಿದು ತಿನ್ನುತ್ತದೆ. ಇದರ ಬಳಗದವು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ.

ಯಾರದಾದರೂ ಕಾಲು ಹೂತಿತು ಅನ್ನಿ. ಎಲ್ಲರೂ ಓಡಿ ಹೋಗಿ ಸುತ್ತ ನಿಲ್ಲಬೇಡಿ, ನೆಲ ಇನ್ನಷ್ಟು ಕುಸಿಯುತ್ತದೆ. ಹೂತವರು ಹಿಂದಕ್ಕೆ ವಾಲಿ ಕೂರಲಿ, ಭಾರ ಹರಡಲಿ. ಹಿಮ್ಮಡಿ ಆಡಿಸುತ್ತಾ ಕಾಲನ್ನು ನಿಧಾನಕ್ಕೆ ಎಳೆದುಕೊಳ್ಳಲಿ. ಜೋರಾಗಿ ಕಿತ್ತರೆ ಕಾಲು ಬರುತ್ತದೆ, ಶೂ ಬರುವುದಿಲ್ಲ. ಪೆಟ್ಟಾಗಿದ್ದರೆ 112ಕ್ಕೆ ಫೋನ್ ಮಾಡಿ ಮೌಂಟನ್ ರೆಸ್ಕ್ಯೂ ಕೇಳಿ.

ಬೆಂಕಿ ಮಾತ್ರ ಹಚ್ಚಲೇಬೇಡಿ. ಒಣಗಿದ ಪೀಟ್ ಇಲ್ಲಿನವರ ಒಲೆಗೆ ಸೌದೆ. ಹೊತ್ತಿಕೊಂಡರೆ ನೆಲದೊಳಗೇ ಉರಿಯುತ್ತಾ ಹೋಗುತ್ತದೆ. ಡಿಸೆಂಬರ್‌ನಲ್ಲಾದರೆ ಸಂಜೆ 4 ದಾಟುತ್ತಿದ್ದಂತೆ ಕತ್ತಲು, ಟಾರ್ಚ್ ಇರಲಿ.

ಇಲ್ಲಿ ಇಂಬಳ ಇಲ್ಲ ಅಂತ ಮಲೆನಾಡಿನವರು ಮೈಮರೆಯಬೇಡಿ. ಉಣುಗು ಇದೆ, ಅದು ಕಚ್ಚಿದರೆ ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಬರಬಹುದು. ಮನೆಗೆ ಹೋದ ತಕ್ಷಣ ಮೊಣಕಾಲ ಹಿಂಭಾಗ, ಸೊಂಟ, ಮಕ್ಕಳ ತಲೆಗೂದಲು ನೋಡಿ. ಕಚ್ಚಿಕೊಂಡಿದ್ದರೆ ಚರ್ಮದ ಹತ್ತಿರ ಚಿಮಟದಲ್ಲಿ ಹಿಡಿದು ನೆಟ್ಟಗೆ ಎಳೆಯಿರಿ. ಶೂ ಒಳಗೆ ನ್ಯೂಸ್‌ಪೇಪರ್ ತುರುಕಿ ಗಾಳಿಗೆ ಇಡಿ. ರೇಡಿಯೇಟರ್ ಮೇಲಿಟ್ಟರೆ ಅಟ್ಟೆ ಬಿಟ್ಟುಕೊಳ್ಳಬಹುದು.